ಗುಮಾಸ್ತ ಕಚ್ಚಿದ್ದು

ಪಶುವೈದ್ಯ ಕಾಲೇಜಿನ ಕೊನೆಯ ವರ್ಷದಲ್ಲಿ ಓದುತ್ತಿರುವ ಹುಡುಗನಿಗೆ ನಾಯಿ ಕಂಡರೆ ಭಯ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಈಜು ಬಾರದ ಅಂಬಿಗನಿದ್ದಾನೆ ಎಂದರೂ ನಂಬುವುದಿಲ್ಲ. ಹಾಗಂತ ದೋಣಿ ಹತ್ತುವಾಗ ಅಂಬಿಗನನ್ನು ನಿಲ್ಲಿಸಿ ಕೇಳಿದವರು ಯಾರಿದ್ದಾರೆ? ಈ ಹುಡುಗನನ್ನೂ ಯಾರೂ ಕೇಳಿರಲಿಲ್ಲ. ಕೇಳಲಿಲ್ಲವಾದ್ದರಿಂದ ಅವನೂ ಹೇಳಿರಲಿಲ್ಲ.

ಅವನು ಆ ಕಾಲೇಜು ಸೇರಿದ್ದೇ ದನಗಳನ್ನು ನಂಬಿಕೊಂಡು. ದನಕ್ಕೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳೇ ಇರುವುದಿಲ್ಲ ಎಂದು ಚಿಕ್ಕಂದಿನಲ್ಲಿ ಯಾವುದೋ ಪಾಠದಲ್ಲಿ ಓದಿದ ದಿನವೇ ಅವನು ಬಾಳಿನ ದಾರಿಯನ್ನು ನಿಶ್ಚಯಿಸಿಕೊಂಡಿದ್ದ. ದನ ಒದೆಯುತ್ತದೆ, ನಿಜ. ಆದರೆ ಒದೆ ಯಾವ ಕಡೆಯಿಂದ ಬರುತ್ತದೆ ಎಂಬುದಾದರೂ ಗೊತ್ತಿರುತ್ತದೆ. ನಾಯಿಯ ವಿಷಯ ಹಾಗಲ್ಲ. ನಾಯಿ ಎಂದರೆ ಅವನ ಲೆಕ್ಕದಲ್ಲಿ ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಒಂದು ಬಾಯಿ.

ಮನೆಯಲ್ಲಿ ತಾಯಿ ಅವನನ್ನು ಆಗಲೇ "ನಮ್ಮ ಡಾಕ್ಟರು" ಎನ್ನುತ್ತಿದ್ದರು. "ನಮ್ಮ ಡಾಕ್ಟರು ಇನ್ನೂ ಎದ್ದಿಲ್ಲ", "ನಮ್ಮ ಡಾಕ್ಟರ ಕಾಲುಚೀಲ ಒಣಗಿಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಇಂಥ ಮನೆಯಿಂದ ಹೊರಟ ಮಗ ಬೀದಿಯ ಕೊನೆಯಲ್ಲಿ ನಾಯಿ ಮಲಗಿದ್ದರೆ ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಹೋಗುತ್ತಾನೆ ಎಂದು ಯಾರು ತಾನೆ ಊಹಿಸಬೇಕು?

ಕಾಲೇಜಿನವರು ಊಹಿಸಲಿಲ್ಲ. ಅವನನ್ನು ಅನುಭವಕ್ಕೆಂದು ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಉದ್ದನೆಯ ಒಂದು ಓಣಿ, ಎರಡೂ ಕಡೆ ಕಬ್ಬಿಣದ ಸರಳಿನ ಗೂಡುಗಳು. ಒಂದೊಂದು ಗೂಡಿನಲ್ಲೂ ಒಂದೊಂದು ಬಾಯಿ. ನೆಲಕ್ಕೆ ಹೊಡೆದ ಫಿನಾಯಿಲು, ಒದ್ದೆ ಕೂದಲು, ಬೆಂದ ಅನ್ನ, ಮೂರೂ ಸೇರಿದ ಒಂದು ವಾಸನೆ. ಮೊದಲ ದಿನ ಆ ಓಣಿಯಲ್ಲಿ ಅವನು ನಡೆದದ್ದು ಹೇಗೆಂದರೆ, ಎರಡೂ ಪಕ್ಕದ ಗೋಡೆಗೆ ಹಸಿ ಬಣ್ಣ ಬಳಿದಿದ್ದಾರೇನೋ ಎಂಬಂತೆ, ಕೈಗಳನ್ನು ಎದೆಗೆ ಕಟ್ಟಿಕೊಂಡು, ನಟ್ಟ ನಡುವೆ.

ಆಶ್ರಯ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಹಿತ್ತಲ ಬಾಗಿಲ ಬಳಿ ಮರದ ಬೆಂಚೊಂದನ್ನು ಹಾಕಿದ್ದರು. ಚಹಾದ ಹೊತ್ತಿಗೆ ಅದರ ಮೇಲೆ ಕೂರುವ ಹಕ್ಕು ನಾಯಿಯಿಂದ ಕಚ್ಚಿಸಿಕೊಂಡವರಿಗೆ ಮಾತ್ರ. ಉಳಿದವರು ನಿಂತು ಕುಡಿಯಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಯಾರೂ ಮೀರುತ್ತಲೂ ಇರಲಿಲ್ಲ. ಬೆಂಚಿನ ನಟ್ಟನಡುವೆ ಕೂರುತ್ತಿದ್ದವನು ಗೂಡುಗಳನ್ನು ನೋಡಿಕೊಳ್ಳುವ ಮೀಸೆಮಾವ. ಅವನ ಮೈಮೇಲೆ ಕಚ್ಚಿದ ಗುರುತುಗಳು ಎಷ್ಟಿದ್ದವೆಂದರೆ, ಒಂದೊಂದು ಕಥೆಗೂ ಅವನು ಬೇರೆ ಬೇರೆ ಕಡೆಯ ಬಟ್ಟೆ ಸರಿಸಬೇಕಾಗುತ್ತಿತ್ತು. ನಾಯಿಗಳಿಗೆ ಸ್ನಾನ ಮಾಡಿಸುವ ಅಕ್ಕತಂಗಿಯರಿಬ್ಬರು ಅವನ ಎರಡೂ ಪಕ್ಕದಲ್ಲಿ ಕೂರುತ್ತಿದ್ದರು. ನಮ್ಮ ಹುಡುಗ ಬಟ್ಟಲು ಹಿಡಿದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದ.

"ಏನ್ ಡಾಕ್ಟ್ರೇ, ಇನ್ನೂ ಆಗಿಲ್ವಾ?" ಎಂದು ಮೀಸೆಮಾವ ದಿನವೂ ಕೇಳುತ್ತಿದ್ದ, ಹೆಣ್ಣು ನೋಡಲು ಹೋಗಿ ಬಂದವನನ್ನು ಕೇಳುವ ಹಾಗೆ.

"ಇಲ್ಲ."

"ಆಗತ್ತೆ ಬಿಡಿ. ಬೇಜಾರು ಮಾಡ್ಕೋಬೇಡಿ."

ಅವನಿಗೆ ಅದು ಆಗದಿರಲೆಂದೇ ಆಸೆ. ಆದರೆ ನಿಂತು ನಿಂತು ಚಹಾ ಕುಡಿಯುವುದು ಮನುಷ್ಯನ ಮಾನಕ್ಕೆ ಒಳ್ಳೆಯದಲ್ಲ. ಇವೆರಡರ ನಡುವೆ ಸಿಕ್ಕಿಕೊಂಡಿದ್ದಾಗಲೇ ಗುಮಾಸ್ತನ ಪ್ರಸಂಗ ನಡೆಯಿತು.

ಗುಮಾಸ್ತ ಒಂದು ನಾಯಿ. ಕಂದು ಬಣ್ಣ, ಹರಿದ ಒಂದು ಕಿವಿ, ವಯಸ್ಸಾದ ಮುಖ. ಬಂದವರನ್ನೆಲ್ಲ ಅರ್ಧ ಕಣ್ಣು ತೆರೆದು ನೋಡಿ, ನಾಳೆ ಬನ್ನಿ ಎನ್ನುವಂತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಅದು ಯಾರನ್ನೂ ಕಚ್ಚಿದ್ದಿಲ್ಲ. ಬೊಗಳಿದ್ದನ್ನು ಕೇಳಿದವರೂ ಕಡಿಮೆ. ಹಾಗಾಗಿಯೇ ಡಾಕ್ಟರಮ್ಮ, ಅಂದರೆ ಆಶ್ರಯ ಕೇಂದ್ರದ ಪಶುವೈದ್ಯೆ, ಹೊಸ ಹುಡುಗನಿಗೆ ಅದರ ಗೂಡನ್ನು ಒಪ್ಪಿಸಿದ್ದರು. ಅಂದು ಬೆಳಿಗ್ಗೆ ಅವನು ನೀರಿನ ಬಟ್ಟಲನ್ನು ಇಟ್ಟು ಬಾಗಿಲು ಹಾಕುತ್ತಿರುವಾಗ ಗುಮಾಸ್ತ ಆಕಳಿಸಿತು.

ಆಕಳಿಸಿತು, ಅಷ್ಟೇ. ಆದರೆ ನಾಯಿಯ ಆಕಳಿಕೆಯನ್ನು ಎದುರಿನಿಂದ ನೋಡಿದರೆ ಹಲ್ಲುಗಳೆಲ್ಲ ಒಟ್ಟಿಗೆ ಕಾಣುತ್ತವೆ. ಅವನು ಮೈಯೆಲ್ಲ ಬಲ ಹಾಕಿ ಚಿಲಕ ಎಳೆದ. ಚಿಲಕಕ್ಕೂ ಸರಳಿಗೂ ನಡುವೆ ಅವನ ಬೆರಳಿತ್ತು.

ಅವನ ಕೂಗು ಕೇಳಿ ಮೀಸೆಮಾವ ಓಡಿ ಬಂದ. ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಒಳಗೆ ಗುಮಾಸ್ತ ಬಾಯಿ ಮುಚ್ಚಿಕೊಂಡು ತುಟಿ ನೆಕ್ಕುತ್ತಿತ್ತು.

"ಕಚ್ತಾ?" ಎಂದ ಮೀಸೆಮಾವ. ಅವನ ದನಿಯಲ್ಲಿ ಹಿಂದೆಂದೂ ಕೇಳದ ಒಂದು ಗೌರವವಿತ್ತು.

ನಾಯಿ ಆಕಳಿಸಿದ್ದಕ್ಕೆ ಹೆದರಿ ಬೆರಳು ಜಜ್ಜಿಕೊಂಡೆ ಎಂದು ಹೇಳಲು ಬಹಳ ಮಾತು ಬೇಕು. "ಹೂಂ" ಎನ್ನಲು ಬಾಯಿ ತೆರೆಯುವುದೂ ಬೇಡ.

"ಹೂಂ" ಎಂದ.

ಆ ದಿನ ಅವನನ್ನು ಬೆಂಚಿನ ನಡುವೆ ಕೂರಿಸಿದರು. ಮೀಸೆಮಾವ ತಾನೇ ಸರಿದು ಜಾಗ ಕೊಟ್ಟ. ಸ್ನಾನದ ಅಕ್ಕತಂಗಿಯರಲ್ಲಿ ಅಕ್ಕ ಅವನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು, ತಂಗಿ ಕಣ್ಣರಳಿಸಿ, "ಮೂಳೆಗೆ ತಾಗಿತ್ತಾ?" ಎಂದಳು. "ಸ್ವಲ್ಪ" ಎಂದ ಅವನು. ಬೆಂಚಿನ ಮೇಲೆ ಕೂತ ಮನುಷ್ಯನಿಗೆ ಲೋಕ ಬೇರೆಯೇ ಕಾಣುತ್ತದೆ. ಅರ್ಧ ಬಟ್ಟಲು ಚಹಾ ಮುಗಿಯುವವರೆಗೆ ಅವನು ಸುಖಿಯಾಗಿದ್ದ.

ಉಳಿದರ್ಧ ಬಟ್ಟಲಿಗೆ ಡಾಕ್ಟರಮ್ಮ ಬಂದರು.

"ಯಾವ ನಾಯಿ?"

"ಗುಮಾಸ್ತ" ಎಂದ ಮೀಸೆಮಾವ.

ಡಾಕ್ಟರಮ್ಮ ಕನ್ನಡಕ ತೆಗೆದು ಹುಡುಗನನ್ನು ನೋಡಿದರು. "ಗುಮಾಸ್ತ ಕಚ್ತಾ? ನಿನ್ನನ್ನಾ?"

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಬಾಯಲ್ಲಿದ್ದ ಚಹಾ ಸಿಹಿಯಾಗಿತ್ತು. "ಹೂಂ" ಎಂದ ಮತ್ತೆ.

"ಇಷ್ಟು ವರ್ಷ ಇಲ್ಲದ್ದು ಇವತ್ತು ಕಚ್ಚಿದೆ ಅಂದ್ರೆ ಏನೋ ಇದೆ. ಮೀಸೆ, ಅದನ್ನ ಈಗಲೇ ಕೊನೇ ಗೂಡಿಗೆ ಹಾಕು. ಹತ್ತು ದಿನ ವೀಕ್ಷಣೆ. ಯಾರೂ ಹತ್ತಿರ ಹೋಗಬಾರದು, ಮುಟ್ಟಬಾರದು, ತಟ್ಟೆ ಕೋಲಲ್ಲೇ ತಳ್ಳಬೇಕು. ಊಟ ನೀರು ಬಿಟ್ರೆ, ಜೊಲ್ಲು ಸುರಿಸಿದ್ರೆ ತಕ್ಷಣ ನನಗೆ ಹೇಳು. ಮುಂದೆ ಏನು ಮಾಡ್ಬೇಕು ಅಂತ..." ಎಂದು ಅವನ ಕಡೆ ತಿರುಗಿದರು. "ಓದಿದ್ದೀಯಲ್ಲ, ನೀನೇ ಹೇಳು."

ಓದಿದ್ದ. ಇದೇ ಪ್ರಶ್ನೆಗೆ ಪೂರ್ತಿ ಅಂಕವನ್ನೂ ಪಡೆದಿದ್ದ. ಕಚ್ಚಿದ ನಾಯಿಯಲ್ಲಿ ಹುಚ್ಚಿನ ಲಕ್ಷಣ ಕಂಡರೆ ಅದನ್ನು ಆರೋಗ್ಯಾಧಿಕಾರಿಗೆ ಒಪ್ಪಿಸಬೇಕು. ಅವರು ಅದನ್ನು ಕೊಂದು ತಲೆಯನ್ನು ಪರೀಕ್ಷೆಗೆ ಕಳಿಸುತ್ತಾರೆ. ಉತ್ತರಪತ್ರಿಕೆಯಲ್ಲಿ ಬರೆಯುವಾಗ ಆ ತಲೆಗೆ ಹರಿದ ಕಿವಿ ಇರಲಿಲ್ಲ.

"ಮೇಡಂ, ಸಣ್ಣ ಗೀರು ಅಷ್ಟೇ..."

"ಸಣ್ಣದು ದೊಡ್ಡದು ಅಂತ ಇಲ್ಲ ಇದರಲ್ಲಿ. ಕಾಲೇಜಲ್ಲಿ ಮುಂಜಾಗ್ರತೆ ಚುಚ್ಚುಮದ್ದು ಆಗಿದೆ ತಾನೆ?"

ಆಗಿರಲಿಲ್ಲ. ಎಲ್ಲರಿಗೂ ಚುಚ್ಚಿದ ದಿನ ಅವನ ಸೋದರಮಾವನಿಗೆ ಇದ್ದಕ್ಕಿದ್ದಂತೆ ಹುಷಾರು ತಪ್ಪಿತ್ತು. ಈ ವಿಷಯ ಸೋದರಮಾವನಿಗೆ ತಿಳಿದಿರಲಿಲ್ಲ. ನಾಯಿಯ ನಂತರ ಅವನು ಹೆದರುತ್ತಿದ್ದುದು ಸೂಜಿಗೆ.

ಅಂದೇ ಅವನಿಗೆ ಒಂದು ತೋಳಿಗೆ ಒಂದು, ಇನ್ನೊಂದು ತೋಳಿಗೆ ಒಂದು, ಬೆರಳಿನ ಗಾಯದ ಸುತ್ತ ಬೇರೆ, ಹೀಗೆ ಚುಚ್ಚಿದರು. ಕಚ್ಚದ ನಾಯಿಯ ವಿಷ ಇಳಿಸಲು ಮೈಗೆ ಇಷ್ಟು ತೂತು ಹಾಕಿಸಿಕೊಂಡವನು ವೈದ್ಯಶಾಸ್ತ್ರದಲ್ಲಿ ಬಹುಶಃ ಅವನೊಬ್ಬನೇ.

ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಬಾಗಿಲಲ್ಲೇ ತಾಯಿ ಅವನನ್ನು ತಬ್ಬಿಕೊಳ್ಳಲು ಮುಂದೆ ಬಂದು, ಏನೋ ನೆನಪಾಗಿ, ತೋಳು ಚಾಚಿದವರು ಚಾಚಿದಂತೆಯೇ ನಿಂತರು. ಒಳಗೆ ಸೋದರಮಾವ ಕುರ್ಚಿ ಹಾಕಿಕೊಂಡು ಕಾದಿದ್ದರು. ಅವರು ಔಷಧಿ ಅಂಗಡಿಯಲ್ಲಿ ಬಹಳ ಕಾಲ ದುಡಿದು ನಿವೃತ್ತರಾದವರು. ಬಾಟಲಿಗಳ ಮೇಲಿನ ಚೀಟಿ ಓದಿ ಓದಿ, ಒಳಗಿರುವುದೂ ತಮಗೆ ಗೊತ್ತು ಎಂಬ ಭರವಸೆ ಅವರಿಗೆ ಬಂದುಬಿಟ್ಟಿತ್ತು.

"ಯಾರು ಕಚ್ಚಿದ್ದಂತೆ?" ಎಂದರು.

"ಗುಮಾಸ್ತ."

"ಯಾವ ಆಫೀಸಿನವನು?"

ನಾಯಿಯ ಹೆಸರು ಎಂದು ತಿಳಿದ ಮೇಲೆ ಸೋದರಮಾವ ಎದ್ದು, ಯಾರಿಗೂ ಏನೂ ಹೇಳದೆ ಫ್ಯಾನು ಹಾಕಿದರು. ಹಾಕಿ ಅಳಿಯನ ಮುಖವನ್ನೇ ನೋಡಿದರು.

"ಗಾಳಿ ಹೇಗನ್ನಿಸ್ತಾ ಇದೆ?"

"ತಣ್ಣಗಿದೆ ಮಾವ."

"ಭಯ ಆಗತ್ತಾ? ಹುಚ್ಚು ಏರಿದವರಿಗೆ ಗಾಳಿ, ನೀರು ಕಂಡ್ರೆ ಭಯವಂತೆ."

ಆಗುತ್ತಿತ್ತು. ಆದರೆ ಗಾಳಿಯಿಂದಲ್ಲ. ಅವನು ಉತ್ತರಕ್ಕೆ ತಡವರಿಸಿದ್ದನ್ನು ಸೋದರಮಾವ ಗಮನಿಸಿ, ತಂಗಿಯ ಕಡೆ ನೋಡಿ ಹುಬ್ಬೇರಿಸಿದರು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಂದಿನಿಂದ ಆ ಮನೆಯಲ್ಲಿ ಅವನ ನೆಮ್ಮದಿ ಹೋಯಿತು. ನೀರು ಕುಡಿಯಲು ಲೋಟ ಎತ್ತಿದರೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಷ್ಟು ಜನ ನೋಡುತ್ತಿದ್ದರೆ ಯಾರ ಗಂಟಲಲ್ಲಿ ತಾನೆ ನೀರು ನೇರವಾಗಿ ಇಳಿದೀತು? ಮೂರನೆಯ ಗುಟುಕಿಗೆ ನೆತ್ತಿಗೇರಿ ಕೆಮ್ಮಿದ. ತಾಯಿ ಗೋಡೆಗೆ ಒರಗಿದರು. ಸೋದರಮಾವ ಊಟದ ಮೇಜನ್ನು ನಡುವೆ ಎಳೆದುಕೊಂಡು ಆಚೆ ನಿಂತು, "ಹೆದರಬೇಡ, ನಾವೆಲ್ಲ ನಿನ್ನ ಜೊತೆ ಇದ್ದೀವಿ" ಎಂದರು.

ಮಹಡಿ ಮನೆಯ ಟೀಚರಮ್ಮ ನೋಡಿಕೊಂಡು ಹೋಗಲು ಬಂದರು. ಬಾಗಿಲ ಹೊರಗೇ ನಿಂತು, "ಏನಿಲ್ಲ, ನಮ್ಮ ಬೆಕ್ಕು ನಿಮ್ಮ ಕಿಟಕಿಯಿಂದ ಓಡಾಡತ್ತಲ್ಲ, ಸ್ವಲ್ಪ ದಿನ ಕಿಟಕಿ ಹಾಕ್ಕೊಂಡಿರಿ" ಎಂದರು.

"ಬೆಕ್ಕು ಕಚ್ಚತ್ತೇನ್ರೀ ಇವನನ್ನ?" ಎಂದರು ತಾಯಿ.

"ಅಯ್ಯೋ, ಅದು ಯಾಕೆ ಕಚ್ಚತ್ತೆ" ಎಂದ ಟೀಚರಮ್ಮ ಹುಡುಗನ ಬಾಯಿಯ ಕಡೆಗೊಮ್ಮೆ ನೋಡಿ ಮೆಟ್ಟಿಲು ಹತ್ತಿದರು.

ತನಗೆ ನಾಯಿ ಕಚ್ಚಿಲ್ಲ ಎಂಬುದು ಲೋಕದಲ್ಲಿ ಖಚಿತವಾಗಿ ಗೊತ್ತಿದ್ದುದು ಅವನೊಬ್ಬನಿಗೇ. ಆದರೆ ಎಲ್ಲರೂ ಒಂದು ಮಾತನ್ನೇ ಹೇಳುತ್ತಿದ್ದರೆ ಒಬ್ಬನ ಖಚಿತ ಎಷ್ಟು ದಿನ ತಡೆದೀತು? ಆ ಚಿಲಕವನ್ನು ಗುಮಾಸ್ತ ಯಾವಾಗಲಾದರೂ ನೆಕ್ಕಿತ್ತೇ? ನೆಕ್ಕಿದ್ದ ಚಿಲಕ ಬೆರಳನ್ನು ಜಜ್ಜಿದರೆ ಅದು ಕಚ್ಚಿದ ಹಾಗೆಯೇ ಆಯಿತಲ್ಲವೇ? ಫ್ಯಾನಿನ ಗಾಳಿ ಈಗ ನಿಜಕ್ಕೂ ಒಂಥರಾ ಇತ್ತು. ಅವನು ಸ್ನಾನದ ಮನೆಯ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡ. ಹಿಂದೆ ಸೋದರಮಾವನೂ ನೋಡುತ್ತಿದ್ದರು.

ವೀಕ್ಷಣೆ ಅರ್ಧಕ್ಕೆ ಬರುವ ಹೊತ್ತಿಗೆ ಅವನಿಗೆ ಕೆಟ್ಟ ಸುದ್ದಿಯೊಂದು ಕಾದಿತ್ತು. ಬೆಳಿಗ್ಗೆ ಆಶ್ರಯ ಕೇಂದ್ರದ ಗೇಟು ದಾಟುವಷ್ಟರಲ್ಲೇ ಮೀಸೆಮಾವ ಎದುರಾದ. ಅವನ ಮೀಸೆ ಜೋತುಬಿದ್ದಿತ್ತು.

"ನಿನ್ನೆ ರಾತ್ರಿಯಿಂದ ತಟ್ಟೆ ಮುಟ್ಟಿಲ್ಲ, ಡಾಕ್ಟ್ರೇ. ನೀರೂ ಇಲ್ಲ. ಬಾಯಿ ಮುಚ್ತಾ ಇಲ್ಲ. ಜೊಲ್ಲು ಸುರೀತಾನೇ ಇದೆ." ಮೀಸೆಮಾವ ಅವನ ಭುಜದ ಮೇಲೆ ಕೈಯಿಟ್ಟ, ಇಟ್ಟು, ಮೆಲ್ಲಗೆ ತೆಗೆದು, ಪ್ಯಾಂಟಿಗೆ ಒರೆಸಿಕೊಂಡ. "ನೀವು ಧೈರ್ಯವಾಗಿರಿ."

"ಆರೋಗ್ಯಾಧಿಕಾರಿಗೆ..."

"ಡಾಕ್ಟರಮ್ಮ ಹೇಳಿದ್ದಾಯ್ತು. ನಾಳೆ ಬೆಳಿಗ್ಗೆ ಬರ್ತಾರೆ."

ಹುಡುಗ ನೇರ ಡಾಕ್ಟರಮ್ಮನ ಕೋಣೆಗೆ ಹೋದ. ಅವರು ಬೆಕ್ಕೊಂದರ ಕಿವಿಗೆ ಔಷಧಿ ಬಿಡುತ್ತಿದ್ದರು. ಅವನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ: ಆಕಳಿಕೆ, ಚಿಲಕ, ಬೆರಳು, ಬೆಂಚು, ಹೂಂ.

ಡಾಕ್ಟರಮ್ಮ ಬೆಕ್ಕಿನ ಇನ್ನೊಂದು ಕಿವಿಯನ್ನೂ ಮುಗಿಸಿದರು. "ಅವತ್ತು ಕಚ್ಚಿದೆ ಅಂದೆ. ಇವತ್ತು ಇಲ್ಲ ಅಂತೀಯ. ನಾಯಿ ಸಾಯತ್ತೆ ಅಂದಾಗ ಇಲ್ಲ ಅನ್ನೋರು ಬಹಳ ಜನ ನೋಡಿದ್ದೀನಿ. ಯಾವುದನ್ನ ನಂಬಲಿ?"

"ಇವತ್ತಿಂದು ಮೇಡಂ. ನಿಜವಾಗ್ಲೂ ಕಚ್ಚಿಲ್ಲ."

"ಇರಲಿ, ಕಚ್ಚಿಲ್ಲ ಅಂತಾನೇ ಇಟ್ಕೊಳ್ಳೋಣ. ಬಾಯಿ ಯಾಕೆ ತೆರೆದಿದೆ? ನೀರು ಯಾಕೆ ಬಿಟ್ಟಿದೆ? ನಿನ್ನ ಸುಳ್ಳಿಂದ ನಾಯಿ ಜೊಲ್ಲು ಸುರಿಸಲ್ಲ. ಅದಕ್ಕೆ ಬೇರೆ ಕಾರಣ ತೋರಿಸು, ನಾನೇ ಅಧಿಕಾರಿಯನ್ನ ವಾಪಸ್ ಕಳಿಸ್ತೀನಿ. ಇಲ್ದಿದ್ರೆ ಆಗಲ್ಲ."

ಮನೆಯಲ್ಲೂ ಹೇಳಿ ನೋಡಿದ. ಊಟದ ಮೇಜಿನ ಆಚೆ ಸೋದರಮಾವ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೇಳಿ ಮುಗಿದ ಮೇಲೆ ತಂಗಿಗೆ ಮೆಲ್ಲನೆಯ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ತಲೆಗೆ ಏರಿದೆ. ಕಚ್ಚಿದ್ದೇ ಮರೆತು ಹೋಗ್ತಾ ಇದೆ. ಇದು ಎರಡನೇ ಹಂತ."

"ಮಾವ, ಚಿಲಕ ಕಚ್ಚಿದ್ದು."

"ಆಗಲಪ್ಪ. ಚಿಲಕವೇ ಕಚ್ಚಿದ್ದು. ನೀನು ಮಲಕ್ಕೋ" ಎಂದು ಸೋದರಮಾವ ಎದ್ದು, ಅವನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರು.

ಮರುದಿನ ಬೆಳಗಾಗುತ್ತಲೇ ತಾಯಿ ಕಾಫಿಗೆಂದು ಬಾಗಿಲು ತೆರೆದರು. ತೆರೆದದ್ದೇ ತಡ, ಅವನು ಅವರ ಪಕ್ಕದಿಂದ ನುಸುಳಿ ಬೀದಿಗೆ ಓಡಿದ. ಮೊದಲ ಬಾರಿಗೆ ಬೀದಿಯ ಕೊನೆಯಲ್ಲಿ ಮಲಗಿದ್ದ ನಾಯಿಯನ್ನು ಸುತ್ತಿಹೋಗದೆ ದಾಟಿಕೊಂಡೇ ಹೋದ. ಹಿಂದೆ ತಾಯಿ, ಅವರ ಹಿಂದೆ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿದ ಸೋದರಮಾವ, ಮಹಡಿಯಿಂದ ಇಳಿದ ಟೀಚರಮ್ಮ. "ಹಿಡೀರಿ, ಮುಟ್ಟಬೇಡಿ" ಎಂದು ಸೋದರಮಾವ ಎದುರಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಇವೆರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ತಿಳಿಯದೆ ಜನ ದಾರಿ ಬಿಟ್ಟರು.

ಆಶ್ರಯ ಕೇಂದ್ರದಲ್ಲಿ ಆರೋಗ್ಯಾಧಿಕಾರಿ ಇನ್ನೂ ಬಂದಿರಲಿಲ್ಲ. ಹುಡುಗ ಕೊನೆಯ ಗೂಡಿನಿಂದ ದೂರದಲ್ಲಿ, ಓಣಿಯ ತಿರುವಿನಲ್ಲಿದ್ದ ಕಂಬದ ಹಿಂದೆ ನಿಂತು ಬಗ್ಗಿ ನೋಡಿದ. ಗುಮಾಸ್ತ ಮೂಲೆಯಲ್ಲಿ ಕೂತಿತ್ತು. ಬಾಯಿ ಅರ್ಧ ತೆರೆದಿತ್ತು, ಎದೆಯ ಕೂದಲು ಒದ್ದೆಯಾಗಿತ್ತು. ಅವನು ಎವೆಯಿಕ್ಕದೆ ನೋಡಿದ. ಪ್ರೀತಿಯಿದ್ದವರು ನಾಯಿಯನ್ನು ನೋಡುತ್ತ ನೋಡುತ್ತ ಬೇರೆ ಏನನ್ನೋ ಯೋಚಿಸುತ್ತಾರೆ. ಹೆದರಿದವನಿಗೆ ಆ ಅನುಕೂಲವಿಲ್ಲ. ಅದರ ಕಿವಿ ಅಲುಗಿದರೂ ಅವನ ಲೆಕ್ಕಕ್ಕೆ ಬರುತ್ತದೆ.

ಹಾಗೆ ನೋಡುತ್ತಿದ್ದಾಗ ಗುಮಾಸ್ತ ಮುಂಗಾಲನ್ನೆತ್ತಿ ಮೂತಿಯನ್ನು ಕೆರೆದುಕೊಂಡಿತು. ಮತ್ತೆ ಕೆರೆದುಕೊಂಡಿತು. ತಲೆ ಕೊಡವಿ, ಕೆನ್ನೆಯನ್ನು ಗೋಡೆಗೆ ಉಜ್ಜಿತು. ಓಣಿಯಲ್ಲಿ ಯಾರದೋ ಹೆಜ್ಜೆ ಕೇಳಿದ್ದೇ ಸುಮ್ಮನೆ ಕೂತಿತು.

ಅವನ ತಲೆಯಲ್ಲಿ ಪುಸ್ತಕದ ಒಂದು ಪುಟ ತೆರೆದುಕೊಂಡಿತು. ಹುಚ್ಚು ಹಿಡಿದು ದವಡೆ ಸೋತ ನಾಯಿ ಸಾಮಾನ್ಯವಾಗಿ ಬಾಯಿ ಕೆರೆದುಕೊಳ್ಳುವುದಿಲ್ಲ. ಬಾಯಲ್ಲಿ ಏನಾದರೂ ಸಿಕ್ಕಿಕೊಂಡ ನಾಯಿ ಕೆರೆದುಕೊಳ್ಳುತ್ತದೆ. ಅದೇ ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಇವೆರಡೂ ಹೊರನೋಟಕ್ಕೆ ಒಂದೇ ಥರ ಕಾಣುವುದರಿಂದ ಯಾವ ಕಾರಣಕ್ಕೂ ಕೈ ಹಾಕಿ ನೋಡಬಾರದು.

ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಬಂದರು. ಒಂದು ಬಾಗಿಲಿನಿಂದ ಏದುಸಿರು ಬಿಡುತ್ತ ಮನೆಯವರು. ಇನ್ನೊಂದರಿಂದ ಆರೋಗ್ಯಾಧಿಕಾರಿ, ಅವರ ಹಿಂದೆ ಕೈಗವಸು ತೊಟ್ಟ ಇಬ್ಬರು ಆಳುಗಳು, ಡಾಕ್ಟರಮ್ಮ, ಮೀಸೆಮಾವ, ಸ್ನಾನದ ಅಕ್ಕತಂಗಿಯರು. ಅಧಿಕಾರಿ ತೆಳ್ಳಗಿನ, ಶುಚಿಯಾದ ಮನುಷ್ಯ. ಯಾವುದನ್ನೂ ಮುಟ್ಟದೆ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದರು.

"ಕಚ್ಚಿದ ನಾಯಿ ಯಾವುದು, ಕಚ್ಚಿಸಿಕೊಂಡವರು ಯಾರು?" ಎಂದು ಕೇಳಿದರು.

ನಾಯಿ ಸುಮ್ಮನಿತ್ತು. ಹುಡುಗನ ಬಾಯಿ ತೆರೆದಿತ್ತು, ಓಡಿ ಬಂದದ್ದಕ್ಕೆ ಬೆವರು ಸುರಿಯುತ್ತಿತ್ತು. ಅಧಿಕಾರಿ ಅವನನ್ನೂ ನೋಡಿ, ಗುಮಾಸ್ತನನ್ನೂ ನೋಡಿ, ಒಂದು ಹೆಜ್ಜೆ ಹಿಂದೆ ಸರಿದರು.

"ಬಾಯಿ ಕೆರ್ಕೊಳ್ತಾ ಇದೆ ಮೇಡಂ" ಎಂದ ಹುಡುಗ. "ಯಾರೂ ಇಲ್ದಾಗ ಕೆರ್ಕೊಳ್ಳತ್ತೆ. ಏನೋ ಸಿಕ್ಕಿಕೊಂಡಿದೆ."

"ಏನು ಸಿಕ್ಕಿಕೊಳ್ಳತ್ತೆ? ವೀಕ್ಷಣೆಯಲ್ಲಿರೋ ನಾಯಿಗೆ ಗಂಜಿ ಬಿಟ್ರೆ ಬೇರೆ ಕೊಡಲ್ಲ" ಎಂದರು ಡಾಕ್ಟರಮ್ಮ.

ಯಾರೋ ಗಂಟಲು ಸರಿಮಾಡಿಕೊಂಡರು. ಮೀಸೆಮಾವ ಮೀಸೆಯ ತುದಿಯನ್ನು ಬಾಯಿಗೆ ಹಾಕಿಕೊಂಡು ನೆಲ ನೋಡುತ್ತಿದ್ದ.

"ಮೀಸೆ?"

"ಒಂದೇ ಒಂದು ಮೂಳೆ, ಅಮ್ಮ" ಎಂದ ಮೀಸೆಮಾವ. "ಒಂಟಿಯಾಗಿ ಕೂತಿದ್ದ. ಯಾರೂ ಮಾತಾಡಿಸಬಾರದು ಅಂದಿದ್ರಿ. ಮೂಳೆ ಕೊಡಬಾರದು ಅಂತ ಬಿಡಿಸಿ ಹೇಳಿರ್ಲಿಲ್ಲ. ಮೊನ್ನೆ ಸಂಜೆ ಕೊಟ್ಟೆ. ಬೆಳಿಗ್ಗೆ ಮೂಳೆ ಇರ್ಲಿಲ್ಲ. ತಿಂದ ಅನ್ಕೊಂಡೆ. ಆಮೇಲೆ ಹೇಳೋಕೆ ಹೆದರಿಕೆ ಆಯ್ತು."

"ಮೂಳೆಯೋ ಹುಚ್ಚೋ, ಯಾರು ನೋಡಿದ್ದಾರೆ?" ಎಂದರು ಅಧಿಕಾರಿ. "ಅನುಮಾನದ ಮೇಲೆ ನಾನು ಬಿಟ್ಟು ಹೋಗೋ ಹಾಗಿಲ್ಲ. ನನಗೆ ಇನ್ನೂ ಎರಡು ಕಡೆ ಹೋಗೋದಿದೆ."

"ಮತ್ತು ಬರೋ ಮದ್ದು ಕೊಟ್ಟು ನೋಡೋಣ ಅಂದ್ರೆ, ನುಂಗೋಕಾಗದ ನಾಯಿ, ಜೊಲ್ಲು ಉಸಿರಿಗೆ ಹೋಗಿ ಇಲ್ಲೇ ಸಾಯತ್ತೆ" ಎಂದರು ಡಾಕ್ಟರಮ್ಮ. "ನಾನು ಕುಣಿಕೆ ಕೋಲಲ್ಲಿ ಕುತ್ತಿಗೆ ಹಿಡೀತೀನಿ. ಎರಡೂ ಕೈ ಬೇಕು ಅದಕ್ಕೆ. ಒಳಗೆ ಇಕ್ಕಳ ಹಾಕೋರು ಬೇರೆ ಯಾರಾದ್ರೂ ಬೇಕು. ಚುಚ್ಚುಮದ್ದು ಆಗಿರೋರೇ ಆಗ್ಬೇಕು."

ಅಧಿಕಾರಿಯ ಆಳುಗಳು ತಮ್ಮ ಕೈಗವಸುಗಳನ್ನು ಪರೀಕ್ಷಿಸಿಕೊಂಡರು. ಸ್ನಾನದ ಅಕ್ಕತಂಗಿಯರಿಗೆ ಯಾರನ್ನೋ ತುರ್ತಾಗಿ ತೊಳೆಯುವುದು ನೆನಪಾಯಿತು. ಮೀಸೆಮಾವ, "ನಂದು ಯಾವ ಕಾಲದ್ದೋ" ಎಂದ. ಆಮೇಲೆ ನಿಧಾನವಾಗಿ ಎಲ್ಲರ ಕಣ್ಣೂ ಒಂದು ಕಡೆ ತಿರುಗಿದವು. ಆ ಆವರಣದಲ್ಲಿ ಡಾಕ್ಟರಮ್ಮನನ್ನು ಬಿಟ್ಟರೆ ಹೊಸದಾಗಿ, ಎರಡೂ ತೋಳಿಗೆ, ಚೆನ್ನಾಗಿ ಚುಚ್ಚಿಸಿಕೊಂಡಿದ್ದವನು ಒಬ್ಬನೇ ಇದ್ದ. ಹೇಳಿದ ಸುಳ್ಳು ಅವನನ್ನು ಈ ಕೆಲಸಕ್ಕೆ ಅಚ್ಚುಕಟ್ಟಾಗಿ ತಯಾರು ಮಾಡಿಟ್ಟಿತ್ತು.

"ಅವನು ಬೇಡ" ಎಂದರು ತಾಯಿ. "ಒಂದು ಸಲ ಕಚ್ಚಿದ್ದು ಸಾಲದಾ?"

"ಅಮ್ಮ, ಕಚ್ಚಿಲ್ಲ."

"ಪಾಪ" ಎಂದರು ಟೀಚರಮ್ಮ.

ಅವನು ಒಳಗೆ ಹೋದದ್ದು ಧೈರ್ಯದಿಂದಲ್ಲ. ಹೊರಗೆ ನಿಂತರೆ ಆ ಹರಿದ ಕಿವಿಯ ತಲೆಯನ್ನು ಡಬ್ಬಿಯಲ್ಲಿ ಒಯ್ಯುವುದನ್ನು ನೋಡಬೇಕಾಗುತ್ತಿತ್ತು. ಆ ಭಯ ಈ ಭಯಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡದಿತ್ತು, ಅಷ್ಟೇ. ಡಾಕ್ಟರಮ್ಮ ಸರಳಿನ ಸಂದಿಯಿಂದ ಕುಣಿಕೆ ಹಾಕಿ ಗುಮಾಸ್ತನ ಕತ್ತನ್ನು ಬಿಗಿ ಹಿಡಿದರು. ಅವನು ತೆಳು ಕೈಗವಸು ತೊಟ್ಟು, ಇಕ್ಕಳ ಹಿಡಿದು, ಮಂಡಿಯೂರಿದ. ಮಂಡಿ ಊರಲು ಕಷ್ಟವಾಗಲಿಲ್ಲ. ಅವು ತಾವಾಗಿಯೇ ಬಗ್ಗಿದವು.

"ಉಸಿರಾಡು" ಎಂದರು ಡಾಕ್ಟರಮ್ಮ.

"ನಾಯಿಗೆ ಹೇಳ್ತಾ ಇದ್ದೀರಾ, ಮೇಡಂ?"

"ನಿನಗೆ."

ಗುಮಾಸ್ತನ ಬಾಯಿಯ ಬಿಸಿ ಅವನ ಮುಖಕ್ಕೆ ಬಡಿಯಿತು. ಹುಳಿಹುಳಿ ಕೊಳೆತ ವಾಸನೆ. ಎಡಗೈಯಿಂದ ಮೇಲಿನ ದವಡೆ ಎತ್ತಿದ. ಯಾವ ಹಲ್ಲುಗಳನ್ನು ನೆನೆದು ಅವನು ಜೀವಮಾನವೆಲ್ಲ ಹಿಂದಿನ ಗಲ್ಲಿಗಳಲ್ಲಿ ತಿರುಗಿದ್ದನೋ ಆ ಹಲ್ಲುಗಳೆಲ್ಲ ಅಲ್ಲಿದ್ದವು, ಹಳದಿಯಾಗಿ, ಕೆಲವು ಸವೆದು, ಒಂದು ಮುರಿದು. ಅವುಗಳ ಆಚೆ, ಅಂಗುಳಕ್ಕೆ ಅಡ್ಡಲಾಗಿ, ಎರಡು ದವಡೆ ಹಲ್ಲುಗಳ ನಡುವೆ ತೊಲೆ ಕೂರಿಸಿದ ಹಾಗೆ, ಬಿಳಿಯದೊಂದು.

"ಇದೆ" ಎಂದ. ಅವನಿಗೇ ಕೇಳಿಸಲಿಲ್ಲ.

ಇಕ್ಕಳ ಒಮ್ಮೆ ಜಾರಿತು. ಇನ್ನೊಮ್ಮೆ ಜಾರಿ ಕೈಯಿಂದಲೇ ಬಿದ್ದು, ನೆಲದ ಮೇಲೆ ಉರುಳಿ ಸರಳಿನಾಚೆ ಹೋಯಿತು. ಅದನ್ನು ಎತ್ತಿಕೊಡಲು ಯಾರೂ ಬಗ್ಗಲಿಲ್ಲ. ಗುಮಾಸ್ತ ಗುರ್ ಎಂದಿತು. ಅವನೂ ಗುರ್ ಎಂದಂತೆ ಒಂದು ಸದ್ದು ಹೊರಡಿಸಿದ. ಹೊರಗೆ ಸೋದರಮಾವ, "ಮೂರನೇ ಹಂತ" ಎಂದರು.

ಹುಡುಗ ಕಣ್ಣು ಮುಚ್ಚಿದ. ಜಜ್ಜಿದ ಬೆರಳನ್ನೇ ಒಳಗೆ ತೂರಿಸಿ, ಮೂಳೆಯ ಅಂಚಿಗೆ ಕೊಂಡಿಯಂತೆ ಸಿಕ್ಕಿಸಿ, ಅಂದು ಚಿಲಕ ಎಳೆದಷ್ಟೇ ಬಲದಿಂದ ಎಳೆದ.

ಮೂಳೆ ಬಂತು. ದವಡೆ ಮುಚ್ಚಿಕೊಂಡಿತು, ಅವನ ಬೆರಳು ಹೊರಗೆ ಬಂದ ಮರುಕ್ಷಣದಲ್ಲಿ, ಡಬ್ಬಿಯ ಮುಚ್ಚಳ ಬಿದ್ದ ಸದ್ದಿನೊಡನೆ. ಗುಮಾಸ್ತ ಒಮ್ಮೆ ನುಂಗಿ ನೋಡಿತು. ಇನ್ನೊಮ್ಮೆ ನುಂಗಿತು. ಡಾಕ್ಟರಮ್ಮ ಕುಣಿಕೆ ಸಡಿಲಿಸಿದರು. ಅದು ನೇರ ನೀರಿನ ಬಟ್ಟಲಿಗೆ ಹೋಗಿ, ಮೂತಿಯನ್ನು ಮುಳುಗಿಸಿ, ಓಣಿಗೆಲ್ಲ ಕೇಳುವಂತೆ ಲೊಚಲೊಚನೆ ಕುಡಿಯಿತು. ಬಟ್ಟಲು ಖಾಲಿಯಾದ ಮೇಲೂ ನೆಕ್ಕಿತು.

ಅಧಿಕಾರಿ ಬಗ್ಗಿ ಮೂಳೆಯನ್ನು ನೋಡಿದರು, ಮುಟ್ಟಲಿಲ್ಲ. "ಹುಚ್ಚು ಹಿಡಿದ ನಾಯಿ ಹೀಗೆ ಕುಡಿಯಲ್ಲ" ಎಂದರು. "ಉಳಿದ ದಿನ ವೀಕ್ಷಣೆ ಮುಂದುವರಿಸಿ. ನಮಗೆ ಇಲ್ಲಿ ಕೆಲಸ ಇಲ್ಲ." ಆಳುಗಳು ಕೈಗವಸು ಕಳಚಿದರು. ಮೀಸೆಮಾವ ಕಂಬದ ಹಿಂದೆ ಹೋಗಿ ಮೂಗು ಒರೆಸಿಕೊಂಡು ಬಂದ.

ಎಲ್ಲರೂ ಹುಡುಗ ಹೊರಗೆ ಬರಲೆಂದು ಕಾದರು. ಅವನು ಬರಲಿಲ್ಲ. ಏಳಲು ನೋಡಿದ; ಕಾಲುಗಳು ಬೇರೆ ಯಾರದೋ ಆಗಿದ್ದವು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತುಬಿಟ್ಟ. ಹೊಟ್ಟೆ ತುಂಬ ನೀರು ಕುಡಿದ ಗುಮಾಸ್ತ ಸುತ್ತಲೂ ನೋಡಿತು. ಎರಡು ರಾತ್ರಿ ಕಣ್ಣು ಮುಚ್ಚದ ನಾಯಿ. ನೆಲ ತಣ್ಣಗಿತ್ತು. ಅದು ಮೆಲ್ಲಗೆ ನಡೆದು ಬಂದು, ಅವನ ತೊಡೆಗಳ ಮೇಲೆ ತನ್ನ ಅರ್ಧ ಭಾರ ಇಳಿಸಿ, ತಲೆಯಿಟ್ಟು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ಮಲಗಿತು.

ಸರಳಿನಾಚೆ ಎಲ್ಲರ ಮುಖವೂ ಕರಗಿತು.

"ನೋಡಿ, ಹೇಗೆ ಕೂತಿದ್ದಾನೆ" ಎಂದರು ತಾಯಿ, ಕಣ್ಣೊರೆಸಿಕೊಳ್ಳುತ್ತ. "ನಮ್ಮ ಡಾಕ್ಟರಿಗೆ ಮೊದಲಿಂದಲೂ ನಾಯಿ ಅಂದ್ರೆ ಪ್ರಾಣ."

"ಮೇಡಂ" ಎಂದ ಹುಡುಗ, ತುಟಿ ಅಲುಗಿಸದೆ. "ಇದನ್ನ ಸ್ವಲ್ಪ ಎಬ್ಬಿಸ್ತೀರಾ?"

ಡಾಕ್ಟರಮ್ಮ ಕೋಲಿನ ಕುಣಿಕೆಯನ್ನು ಸುತ್ತುತ್ತಿದ್ದರು. ಅವರ ಕಣ್ಣಿನಲ್ಲಿ ನಗುವಿತ್ತೋ ಇಲ್ಲವೋ ಹೇಳುವುದು ಕಷ್ಟ. "ವೀಕ್ಷಣೆಯಲ್ಲಿರೋ ನಾಯಿಯನ್ನ ನಾವು ಯಾರೂ ಮುಟ್ಟೋ ಹಾಗಿಲ್ಲಪ್ಪ. ಅದಾಗೇ ಎದ್ದಾಗ ನೀನು ಎದ್ದು ಬಾ. ಬಂದ ಮೇಲೆ ಸೋಪು ಹಾಕಿ ಕೈ ತೊಳ್ಕೋ. ಬಾಕಿ ಇರೋ ಚುಚ್ಚುಮದ್ದನ್ನ ತಪ್ಪಿಸಬೇಡ. ಈಗ ನಿಜವಾಗಿಯೂ ಬೇಕು."

"ಕಚ್ಚಿಲ್ಲ ಅಂತ ನೀವಾದ್ರೂ ಇವರಿಗೆ ಹೇಳಿ ಮೇಡಂ."

"ನೀನೇ ಹೇಳು" ಎಂದು ಅವರು ಬೆಕ್ಕಿನ ಕಿವಿ ನೋಡಲು ಹೊರಟುಹೋದರು.

ಸೋದರಮಾವ ಸರಳಿನ ಹತ್ತಿರ ಬಂದರು. ಅವರ ಹಿಂದೆ ಟೀಚರಮ್ಮ, ಆಳುಗಳು, ಕೆಲಸ ಮುಗಿಸಿ ಮರಳಿದ ಅಕ್ಕತಂಗಿಯರು. "ನೋಡಿದ್ರಾ" ಎಂದು ಸೋದರಮಾವ ಎಲ್ಲರಿಗೂ ಒಟ್ಟಾಗಿ ವಿವರಿಸಿದರು, "ತನ್ನನ್ನ ಕಚ್ಚಿದ ನಾಯಿ. ಅದನ್ನ ಕಾಪಾಡೋಕೆ ಕಚ್ಚೇ ಇಲ್ಲ ಅಂತ ಸಾಧಿಸಿದ. ನಮ್ಮ ಹತ್ರಾನೂ ಬಾಯಿ ಬಿಡಲಿಲ್ಲ. ಚಿಲಕದ ಮೇಲೆ ಹಾಕ್ದ. ಇಂಥಾ ಮನಸ್ಸು ಯಾರಿಗೆ ಬರತ್ತೆ?"

"ದೇವರಂಥ ಹುಡುಗ" ಎಂದರು ಟೀಚರಮ್ಮ.

ಅದು ಸುಳ್ಳು ಎಂದು ಕೂಗಿ ಹೇಳಬೇಕೆನಿಸಿತು ಅವನಿಗೆ. ಬಾಯಿ ತೆರೆದ. ಗುಮಾಸ್ತನ ಹರಿದ ಕಿವಿ ಒಮ್ಮೆ ಅದುರಿತು. ಅವನು ಬಾಯಿ ಮುಚ್ಚಿದ. ಇಲ್ಲ ಎಂದು ತಲೆಯನ್ನಾದರೂ ಅಲ್ಲಾಡಿಸೋಣವೆಂದರೆ, ತೊಡೆಯ ಮೇಲಿನ ತಲೆ ಎಲ್ಲಿ ಎಚ್ಚರಗೊಳ್ಳುವುದೋ ಎಂದು ಅದನ್ನೂ ಮಾಡಲಿಲ್ಲ.